ಅಪ್ಪಯ್ಯನ ಟಿವಿ, ನನ್ನ ರಾಜಕೀಯ

ಯೂಟ್ಯೂಬಿನಲ್ಲಿ ಬೇಡದ ಚಾನೆಲ್ ಬರದಂತೆ ಮಾಡುವುದು ಹೇಗೆ ಅಂತ ಈಚೆಗೆ ಇಬ್ಬರು ಮೂವರು ಕೇಳಿದರು. ಬಟನ್ ಎಲ್ಲಿದೆ ಅಂತ ಹೇಳುವುದು ಸುಲಭ. ಯಾರ ಟಿವಿಯಲ್ಲಿ ಯಾರು ಒತ್ತಬಹುದು ಅನ್ನುವುದೇ ತಲೆನೋವಿನ ವಿಷಯ. ನಮ್ಮ ಮನೆಯಲ್ಲಿ ಇದು ಇತ್ಯರ್ಥ ಆಗಲು ಒಂದಿಡೀ ಮಳೆಗಾಲ ಬೇಕಾಯಿತು.

ನಮ್ಮದು ಶಿರಸಿಯಿಂದ ಕುಮಟಾ ಕಡೆ ಹೋಗುವ ರಸ್ತೆಯಿಂದ ಒಳಗಿರುವ ಹಳ್ಳಿ. ಮೊಬೈಲಿಗೆ ಸಿಗ್ನಲ್ ಬೇಕು ಅಂದರೆ ಕೊಟ್ಟಿಗೆ ಹಿಂದಿನ ದರೆ ಹತ್ತಬೇಕು. ಆದರೆ ಮನೆಗೆ ವೈರಿನ ಇಂಟರ್‌ನೆಟ್ ಬಂದಿದೆ. ಮರ ಬಿದ್ದು ವೈರ್ ಹರಿಯುವ ತನಕ ಚೆನ್ನಾಗಿಯೇ ಓಡುತ್ತದೆ. ಡಿಶ್ ರೀಚಾರ್ಜ್ ಮಾಡುವುದನ್ನು ಬಿಟ್ಟು ಎಷ್ಟೋ ಕಾಲ ಆಯಿತು. ಜಗಲಿಯ ಟಿವಿಯಲ್ಲಿ ಈಗ ಎಲ್ಲವೂ ಯೂಟ್ಯೂಬೇ.

ಟಿವಿಗೆ ಹಾಕಿದ್ದು ನನ್ನ ಜಿಮೇಲ್. ಅದೊಂದೇ ಖಾತೆಯಲ್ಲಿ ಅಪ್ಪಯ್ಯನ ತಾಳಮದ್ದಲೆ (ವೇಷ, ಕುಣಿತ ಇಲ್ಲದ, ಕೂತು ಮಾತಾಡುವ ಯಕ್ಷಗಾನ), ಆಯಿಯ ಭಜನೆ ಮತ್ತು ಅಡುಗೆ, ಅಣ್ಣನ ಮಗನ ಕ್ರಿಕೆಟ್, ನನ್ನ ರಾಜಕೀಯ. ಮೊದಲ ಪುಟ ತೆರೆದರೆ ಎಡಕ್ಕೆ ಮೂರೂವರೆ ತಾಸಿನ ವಾಲಿವಧೆ. ಅದರ ಪಕ್ಕ ಬಾಯಿ ತೆರೆದ ನಿರೂಪಕ, ಹಣೆಯ ಮೇಲೆ ಕೆಂಪು ಅಕ್ಷರದಲ್ಲಿ ‘ಇಂದು ರಾತ್ರಿಯೇ ಮುಗಿಯುತ್ತಾ?’ ಅದರಾಚೆ ಹಲಸಿನಕಾಯಿ ಹುಳಿ. ಕೊನೆಗೆ ಸುಪ್ರೀಂ ಕೋರ್ಟ್ ವಕೀಲರೊಬ್ಬರ ಸಂದರ್ಶನ. ಅದನ್ನು ಮನೆಯಲ್ಲಿ ನಾನೊಬ್ಬನೇ ನೋಡುವುದು.

ನನ್ನ ರಾಜಕೀಯ ದೊಡ್ಡ ಸಿದ್ಧಾಂತವೇನಲ್ಲ. ಯಾರು ಏನು ತಿನ್ನಬೇಕು, ಯಾರನ್ನು ಮದುವೆ ಆಗಬೇಕು, ಏನು ಓದಬೇಕು, ಯಾವ ಜೋಕಿಗೆ ನಗಬೇಕು ಅನ್ನುವುದರಲ್ಲಿ ಸರ್ಕಾರಕ್ಕೆ ಕೆಲಸವಿಲ್ಲ. ಊರಲ್ಲಿ ನಾಲ್ಕೇ ಮನೆ ಇರುವವರಿಗೂ ನಾನೂರು ಮನೆ ಇರುವವರಷ್ಟೇ ಹಕ್ಕು. ಇಷ್ಟು ಹೇಳಿದ್ದಕ್ಕೆ ಸೊಸೈಟಿಯ ಕಟ್ಟೆಯಲ್ಲಿ ನನ್ನನ್ನು ‘ಬುದ್ಧಿಜೀವಿ ಬಂದ’ ಅಂತ ಕಾಲೆಳೆಯುತ್ತಾರೆ. ಅಪ್ಪಯ್ಯ ಜನಸಂಘದ ದೀಪದ ಗುರುತಿನ ಕಾಲದಿಂದಲೂ ಆ ಕಡೆಯವರು. ಒಂದೇ ಸೂರಿನಡಿ ಇದ್ದೇವೆ, ಒಂದೇ ಪಾತ್ರೆಯ ಚಹಾ ಕುಡಿಯುತ್ತೇವೆ. ಮತದಾನದ ದಿನ ಒಂದೇ ಬೈಕಿನಲ್ಲಿ ಹೋಗಿ ಒಬ್ಬರ ಮತವನ್ನು ಇನ್ನೊಬ್ಬರು ಹೊಡೆದುಹಾಕಿ ಬರುತ್ತೇವೆ.

ನಮ್ಮ ಉತ್ತರ ಕನ್ನಡ ಕ್ಷೇತ್ರವನ್ನು ದೂರದವರು ‘ಅಲ್ಲೆಲ್ಲ ಒಂದೇ ಗಾಳಿ’ ಅಂತ ತಿಳಿದಿದ್ದಾರೆ. 1996ರಿಂದ ಈಚೆಗೆ ಲೋಕಸಭೆಯ ಲೆಕ್ಕ ನೋಡಿದರೆ ಹಾಗೇ ಕಾಣುತ್ತದೆ, 1999ರಲ್ಲಿ ಕಾಂಗ್ರೆಸ್ಸಿನ ಮಾರ್ಗರೆಟ್ ಆಳ್ವ ಗೆದ್ದದ್ದು ಬಿಟ್ಟರೆ. ಆದರೆ 2023ರ ಮೇನಲ್ಲಿ ಬಿಜೆಪಿಯ ವಿಶ್ವೇಶ್ವರ ಹೆಗಡೆ ಕಾಗೇರಿಯವರನ್ನು ಶಿರಸಿ-ಸಿದ್ದಾಪುರದ ಜನ ಸೋಲಿಸಿ ಕಾಂಗ್ರೆಸ್ಸಿನ ಭೀಮಣ್ಣ ನಾಯ್ಕರನ್ನು ವಿಧಾನಸಭೆಗೆ ಕಳಿಸಿದರು. ಒಂದು ವರ್ಷ ಕಳೆದ ಮೇಲೆ ಅದೇ ಕಾಗೇರಿಯವರು ಲೋಕಸಭೆಗೆ ಮೂರು ಲಕ್ಷಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು. ಊರೂರಿನ ಕಟ್ಟೆಯಲ್ಲಿ ಇದಕ್ಕೆ ಹತ್ತು ಕಾರಣ ಕೇಳಿದ್ದೇನೆ, ಹತ್ತರಲ್ಲೂ ಅರ್ಥವಿದೆ. ಟಿವಿಯಲ್ಲಿ ಮಾತ್ರ ನಾವು ಯಾವಾಗಲೂ ಒಂದೋ ಭಕ್ತರು, ಒಂದೋ ದ್ರೋಹಿಗಳು.

ನಾನು ರಿಮೋಟ್ ಹಿಡಿದು ಕೂರುವ ಹಾಗೆ ಮಾಡಿದ್ದು 2025ರ ಮೇ 8ರ ರಾತ್ರಿ. ಆಪರೇಷನ್ ಸಿಂಧೂರದ ಮರುದಿನ. ಆ ವಾರ ಕಾರವಾರದಲ್ಲಿ ಎಲ್ಲರಿಗೂ ಸ್ವಲ್ಪ ಪುಕುಪುಕು ಇತ್ತು. ಕದಂಬ ನೌಕಾನೆಲೆ ಇರುವ ಊರು. ನನ್ನ ಅತ್ತೆಯ ಮನೆ ಬೈತಖೋಲ್ ಹತ್ತಿರ. ಅವರ ಮಗ ಅರಗಾದಲ್ಲಿ ನೇವಿಯೊಳಗೆ ಗುತ್ತಿಗೆ ಕೆಲಸಕ್ಕೆ ಹೋಗುತ್ತಾನೆ. ರಾತ್ರಿ ಹತ್ತರ ಮೇಲೆ ಅತ್ತೆ ಲ್ಯಾಂಡ್‌ಲೈನಿಗೆ ಫೋನ್ ಮಾಡಿದರು. ‘ಸೈರನ್ ಕೇಳ್ತಾ ಇದ್ದು’ ಅಂದರು. ಇಲ್ಲಿ ನಮ್ಮ ಜಗಲಿಯಲ್ಲೂ ಅದೇ ಸೈರನ್ ಕೇಳುತ್ತಿತ್ತು! ಅವರ ಪಕ್ಕದ ಮನೆಯ ಟಿವಿ, ನಮ್ಮ ಮನೆಯ ಟಿವಿ, ಎರಡರಲ್ಲೂ ಒಂದೇ ಸದ್ದು. ಸ್ಟುಡಿಯೋದವರು ಹಾಕಿದ್ದು.

ಆಮೇಲೆ ಕರಾಚಿ ಬಂದರು ಧ್ವಂಸವಾಯಿತು. ಭಾರತದ ನೌಕಾಪಡೆ ದಾಳಿ ಮಾಡಿತು ಅಂತ ಒಂದಾದ ಮೇಲೊಂದು ಚಾನೆಲ್ ಹೇಳಿತು. ಹಡಗಿನ ಅನಿಮೇಷನ್, ಬೆಂಕಿ, ಚಪ್ಪಾಳೆ. ಅತ್ತೆಗೆ ಅದು ಮಗನ ಡ್ಯೂಟಿಯ ಸುದ್ದಿ. ಅಪ್ಪಯ್ಯನಿಗೆ ಎದೆಯುಬ್ಬಿಸುವ ಸುದ್ದಿ. ಇಬ್ಬರೂ ಎರಡು ಗಂಟೆಯ ತನಕ ಎಚ್ಚರ ಇದ್ದರು. ಅಂಥ ದಾಳಿ ನಡೆದೇ ಇರಲಿಲ್ಲ. ಮೇ 10ಕ್ಕೆ ಕೇಂದ್ರ ಸರ್ಕಾರವೇ ಚಾನೆಲ್‌ಗಳಿಗೆ ಸೂಚನೆ ಕೊಟ್ಟಿತು: ಕಾರ್ಯಕ್ರಮಗಳಲ್ಲಿ ವಾಯುದಾಳಿಯ ಸೈರನ್ ಸದ್ದು ಬಳಸಬೇಡಿ, ನಿಜವಾದ ಸೈರನ್ ಕೂಗಿದಾಗ ಜನ ಕಿವಿಗೆ ಹಾಕಿಕೊಳ್ಳದೆ ಹೋದಾರು. ಅಷ್ಟರಲ್ಲಿ ಕದನ ವಿರಾಮವೂ ಬಂತು. ನಾವು ನೋಡಿದ ಚಾನೆಲ್ಲಿನವರು ‘ಮೊನ್ನೆ ಹೇಳಿದ್ದು ಸುಳ್ಳು’ ಅಂದದ್ದನ್ನು ನಾನಂತೂ ಕೇಳಲಿಲ್ಲ.

ಯುದ್ಧ ಬೇಕೋ ಬೇಡವೋ ಅನ್ನುವುದು ರಾಜಕೀಯದ ಪ್ರಶ್ನೆ. ಅದಕ್ಕೆ ಅಪ್ಪಯ್ಯನದೊಂದು ಉತ್ತರ, ನನ್ನದೊಂದು ಉತ್ತರ ಇರಬಹುದು. ಆ ರಾತ್ರಿ ನಮ್ಮ ಜಗಲಿಗೆ ಬಂದದ್ದು ಆ ಪ್ರಶ್ನೆ ಅಲ್ಲ, ಮನರಂಜನೆ. ಟಿಕೆಟ್ ಇಲ್ಲದ ಮನರಂಜನೆ. ಅದರ ಖರ್ಚು ಅತ್ತೆಯ ಬಿಪಿ ಮೇಲೆ ಬಿತ್ತು.

ಮರುವಾರ ಒಂದು ಸಂಜೆ ಟಿವಿ ಮುಂದೆ ಕೂತೆ. ಯೂಟ್ಯೂಬಿನಲ್ಲಿ ಯಾವುದಾದರೂ ವಿಡಿಯೊ ಮೇಲೆ ನಿಂತು ರಿಮೋಟಿನ ಓಕೆ ಬಟನ್ ಒತ್ತಿ ಹಿಡಿದರೆ ಪಕ್ಕದಲ್ಲಿ ಒಂದು ಪಟ್ಟಿ ಬರುತ್ತದೆ. ಆಸಕ್ತಿ ಇಲ್ಲ, ಈ ಚಾನೆಲ್ ಶಿಫಾರಸು ಮಾಡಬೇಡಿ, ಹೀಗೆ. ಬೆರಳು ಬಟನ್ ಮೇಲೆ ಇಟ್ಟಿದ್ದೆ ಅಷ್ಟೆ, ಒತ್ತಿರಲಿಲ್ಲ. ಅಪ್ಪಯ್ಯ ಕವಳದ ಬಟ್ಟಲು ಹಿಡಿದು ಬಂದು ಕೂತರು.

‘ಎಂತ ಮಾಡ್ತಾ ಇದ್ದೆ?’

ಹೇಳಿದೆ. ಸೈರನ್ ಹಾಕಿದವರನ್ನೆಲ್ಲ ತೆಗೆಯುತ್ತಿದ್ದೇನೆ ಅಂತ.

‘ಯಂಗೆ ಬೇಕಾದ್ದು ಆನು ನೋಡ್ತಿ. ನಿಂಗೆಂತ ಆತು?’ ಅಂದರು. ಅಡಿಕೆ ಹೋಳು ಬಾಯಿಗೆ ಹಾಕಿಕೊಂಡರು. ಆಮೇಲೆ ನಿಧಾನಕ್ಕೆ, ‘ಸರ್ಕಾರ ಮಾಡಿರೆ ತಪ್ಪು, ನೀ ಮಾಡಿರೆ ಸರಿಯಾ?’

ಅವರಿಗೆ ಚೆನ್ನಾಗಿ ನೆನಪಿತ್ತು. ಅದಕ್ಕೆ ಕೆಲವೇ ವಾರ ಮೊದಲು, ಏಪ್ರಿಲ್ ಕೊನೆಗೆ, ‘ಫೋರ್ ಪಿಎಂ’ ಎಂಬ ಹಿಂದಿ ಯೂಟ್ಯೂಬ್ ಸುದ್ದಿ ಚಾನೆಲ್ಲನ್ನು ಕೇಂದ್ರ ಸರ್ಕಾರ ಬಂದ್ ಮಾಡಿಸಿತ್ತು. ಆಗ ಇದೇ ಜಗಲಿಯಲ್ಲಿ ನಾನು ಹಾರಾಡಿದ್ದೆ. ಅವರು ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಚಾನೆಲ್ ವಾಪಸ್ ಬಂತು ಅಂತ ಓದಿ ಹೇಳಿದವನೂ ನಾನೇ.

ಮನೆಯಲ್ಲಿ ಮಗ ಬಟನ್ ಒತ್ತುವುದೂ, ಸರ್ಕಾರ ಚಾನೆಲ್ ಮುಚ್ಚುವುದೂ ಒಂದೇ ಅಲ್ಲ ಅಂತ ವಾದಿಸಬಹುದಿತ್ತು. ಒಬ್ಬರು ಜೈಲಿಗೆ ಹಾಕಬಲ್ಲರು, ಇನ್ನೊಬ್ಬ ಹಾಕಲಾರ. ಆದರೆ ಎಂಬತ್ತರ ಹತ್ತಿರದ, ತನ್ನ ತೋಟ ತಾನೇ ನೋಡಿಕೊಳ್ಳುವ, ಬ್ಯಾಂಕಿನ ಪಾಸ್‌ಬುಕ್ ಪೈಸೆ ಲೆಕ್ಕದಲ್ಲಿ ಓದುವ ಮನುಷ್ಯನಿಗೆ ಏನು ತೋರಿಸಬೇಕು ಅಂತ ಅವರಿಗೆ ಗೊತ್ತಿಲ್ಲದ ಹಾಗೆ ಇನ್ನೊಬ್ಬ ನಿರ್ಧಾರ ಮಾಡುವುದು, ಬುದ್ಧಿಯ ಮಟ್ಟದಲ್ಲಿ, ಅದೇ ಜಾತಿಯ ಕೆಲಸ. ‘ನಿಮಗೆ ತಿಳಿಯುವುದಿಲ್ಲ, ನಮಗೆ ತಿಳಿಯುತ್ತದೆ.’ ರಿಮೋಟ್ ಅವರ ಕೈಗೆ ಕೊಟ್ಟೆ.

ಹಾಗಂತ ಸುಳ್ಳು ಹರಿದರೆ ಹರಿಯಲಿ ಅನ್ನುವವನಲ್ಲ ನಾನು. ನಮ್ಮ ಜಿಲ್ಲೆಯವರಿಗೆ ಅದು ಪಾಠದ ಪುಸ್ತಕದ ವಿಷಯ ಅಲ್ಲ. 2017ರ ಡಿಸೆಂಬರ್‌ನಲ್ಲಿ ಹೊನ್ನಾವರದ ಕೆರೆಯಲ್ಲಿ ಒಬ್ಬ ಯುವಕನ ಶವ ಸಿಕ್ಕಿತು. ಅವನನ್ನು ಹೇಗೆ ಹೇಗೆ ಚಿತ್ರಹಿಂಸೆ ಮಾಡಿ ಕೊಂದರು ಅಂತ ವಾಟ್ಸಾಪಿನಲ್ಲಿ ಬಂದದ್ದನ್ನು ಇಲ್ಲಿ ಬರೆಯಲು ಮನಸ್ಸಿಲ್ಲ. ಕುಮಟಾದಲ್ಲಿ ಪೊಲೀಸ್ ಐಜಿಯವರ ವಾಹನ ಸುಟ್ಟರು. ಶಿರಸಿಯಲ್ಲೂ ಬಂದ್, ಕಲ್ಲು ತೂರಾಟ, ಲಾಠಿ. ಐದು ತಿಂಗಳಿಗೆ ವಿಧಾನಸಭೆ ಚುನಾವಣೆ. ಕೇಸು ಸಿಬಿಐಗೆ ಹೋಯಿತು. 2022ರ ಅಕ್ಟೋಬರ್‌ನಲ್ಲಿ ಸಿಬಿಐ ಕೋರ್ಟಿಗೆ ವರದಿ ಕೊಟ್ಟಿತು: ನೀರಿನಲ್ಲಿ ಮುಳುಗಿ ಆದ ಆಕಸ್ಮಿಕ ಸಾವು. ಮೊದಲಿನ ಮೆಸೇಜ್ ನನಗೆ ಎಷ್ಟೋ ಗ್ರೂಪಿನಿಂದ ಬಂದಿತ್ತು. ಸಿಬಿಐ ವರದಿಯನ್ನು ನಾನೇ ಹುಡುಕಿ ಓದಬೇಕಾಯಿತು.

ಇದಕ್ಕೆ ಮದ್ದು ಏನು ಅಂತ ಕೇಳಿದರೆ ಎರಡೂ ಕಡೆಯ ಸರ್ಕಾರಗಳ ಹತ್ತಿರ ಇರುವ ಉತ್ತರ ಒಂದೇ: ಯಾವುದು ನಿಜ ಅಂತ ನಾವು ಹೇಳುತ್ತೇವೆ. ಕೇಂದ್ರದವರು ತಮ್ಮ ಬಗ್ಗೆ ಬಂದ ಸುದ್ದಿ ಸುಳ್ಳೋ ನಿಜವೋ ಅಂತ ತಾವೇ ತೀರ್ಪು ಕೊಡುವ ಘಟಕ ಮಾಡಲು ಹೊರಟಿದ್ದರು. ಹಾಸ್ಯಗಾರ ಕುನಾಲ್ ಕಾಮ್ರಾ ಮತ್ತೆ ಕೆಲವರು ಕೋರ್ಟಿಗೆ ಹೋದರು. 2024ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಆ ನಿಯಮ ರದ್ದು ಮಾಡಿತು. ನಾನು ಆವತ್ತು ಖುಷಿಪಟ್ಟೆ. 2025ರ ಜೂನ್‌ನಲ್ಲಿ ನಮ್ಮ ರಾಜ್ಯದ ಕಾಂಗ್ರೆಸ್ ಸರ್ಕಾರದ ಕರಡು ಮಸೂದೆ ಹೊರಗೆ ಬಂತು. ಸುಳ್ಳು ಸುದ್ದಿಗೆ ಏಳು ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ತೀರ್ಮಾನ ಮಾಡುವ ಪ್ರಾಧಿಕಾರಕ್ಕೆ ಮಂತ್ರಿಯೇ ಮುಖ್ಯಸ್ಥರು! ನಾನು ಮತ ಹಾಕಿದ ಪಕ್ಷ ಇದು. ಅದನ್ನು ಓದಿದಾಗ ಅಪ್ಪಯ್ಯನ ಮುಖದಲ್ಲಿ ಮೂಡಿದ ನಗುವನ್ನು ನಾನು ಬೇಗ ಮರೆಯುವುದಿಲ್ಲ. ‘ಈಗ ಹಾರಾಡು ನೋಡನ’ ಅಂದರು. ಹಾರಾಡಿದೆ ಕೂಡ. ಹಿಂದೆ ಐಟಿ ಕಾಯ್ದೆಯಲ್ಲಿ 66ಎ ಅಂತ ಒಂದು ಕಲಂ ಇತ್ತು. 2012ರಲ್ಲಿ ಪಾಲ್ಘರಿನ ಇಬ್ಬರು ಹುಡುಗಿಯರನ್ನು ಫೇಸ್‌ಬುಕ್ಕಿನ ಒಂದು ಸಾಲಿಗೆ, ಅದಕ್ಕೆ ಬಿದ್ದ ಲೈಕಿಗೆ, ಹಿಡಿದರು. ಸುಪ್ರೀಂ ಕೋರ್ಟ್ 2015ರಲ್ಲಿ ಆ ಕಲಮನ್ನು ಕಿತ್ತುಹಾಕಿತು. ಬೆಂಕಿ ಹಚ್ಚಿ ಅಂದವನನ್ನು ಹಿಡಿಯಲು ಈಗಿರುವ ಕಾನೂನು ಸಾಕು, ಹಿಡಿಯುವ ಮನಸ್ಸು ಬೇಕು. ಮಂತ್ರಿಗೆ ನಿಜದ ಠಸ್ಸೆ ಕೊಟ್ಟರೆ ಮುಂದಿನ ಚುನಾವಣೆಯಲ್ಲಿ ಅದು ಯಾರ ಕೈಗೆ ಹೋಗುತ್ತದೆ ಅಂತ ಯಾರಿಗೂ ಗೊತ್ತಿಲ್ಲ, ಅಲ್ವಾ?

ಸರಿ, ಟಿವಿಗೆ ಬರೋಣ. ಒಬ್ಬೊಬ್ಬರಿಗೆ ಒಂದೊಂದು ಖಾತೆ ಅಂತ ತೀರ್ಮಾನ ಆಯಿತು. ಅಪ್ಪಯ್ಯನಿಗೆ ಹೊಸ ಜಿಮೇಲ್ ಮಾಡಲು ಓಟಿಪಿ ಬೇಕು. ಓಟಿಪಿ ಬರುವುದು ದರೆಯ ಮೇಲೆ. ಜೋರು ಮಳೆ. ಅಣ್ಣನ ಮಗ ಕೊಡೆ ಹಿಡಿದು ಫೋನ್ ತಗೊಂಡು ಹತ್ತಿದ. ನಾನು ಕೆಳಗೆ ಟಿವಿ ಮುಂದೆ. ನಡುವೆ ಕೊಟ್ಟಿಗೆ ಬಾಗಿಲಲ್ಲಿ ಆಯಿ. ಅವನು ಅಂಕಿ ಕೂಗುವುದು, ಆಯಿ ಅದನ್ನು ಕೇಳಿ ಇತ್ತ ಕೂಗುವುದು, ಹಂಚಿನ ಮೇಲೆ ಬೀಳುವ ಮಳೆಯಲ್ಲಿ ಏಳು ಎಂಟಾಗುವುದು. ಒಂದು ಸಲ ನಾವು ಸರಿಯಾಗಿ ಒತ್ತುವಷ್ಟರಲ್ಲಿ ಅವಧಿ ಮುಗಿಯಿತು. ಹುಡುಗ ಇಳಿದು ಬಂದಾಗ ಕಾಲಿಗೆ ಉಂಬಳ. ಉಪ್ಪು ಹಾಕಿ ಕಿತ್ತದ್ದಾಯಿತು. ಡಿಜಿಟಲ್ ಸ್ವಾತಂತ್ರ್ಯಕ್ಕೆ ನಮ್ಮ ಮನೆಯಲ್ಲಿ ಹರಿದ ರಕ್ತ ಅಷ್ಟೇ.

ನನ್ನ ಖಾತೆಯಲ್ಲಿ ನೋಡಿದ್ದರ ಇತಿಹಾಸ ಪೂರ್ತಿ ಅಳಿಸಿದೆ, ಮುಂದಕ್ಕೆ ದಾಖಲಾಗದಂತೆ ನಿಲ್ಲಿಸಿದೆ. 2023ರ ಆಗಸ್ಟ್‌ನಿಂದ ಯೂಟ್ಯೂಬಿನಲ್ಲಿ ಹೀಗೆ ಮಾಡಿದರೆ ಮೊದಲ ಪುಟ ಖಾಲಿ ಬರುತ್ತದೆ. ಮೇಲೆ ಹುಡುಕುವ ಪೆಟ್ಟಿಗೆ, ಕೆಳಗೆ ಏನೂ ಇಲ್ಲ. ಅದನ್ನು ಮೊದಲು ನೋಡಿದಾಗ ಸ್ವಲ್ಪ ಹೊತ್ತು ಏನು ಬೇಕು ಅಂತಲೇ ಹೊಳೆಯಲಿಲ್ಲ. ಹುಡುಕುವ ಪೆಟ್ಟಿಗೆಯಲ್ಲಿ ಬರೆಯಬೇಕಾದರೆ ನನಗೆ ಒಂದು ಕುತೂಹಲ ಇರಬೇಕು. ರಾತ್ರಿ ಊಟ ಮುಗಿಸಿ ಕೂತವನಿಗೆ ಯಾವ ಕುತೂಹಲ? ಆ ವಾರ ಹೆಚ್ಚು ಪುಸ್ತಕ ಓದಿದೆ ಅಂತ ಬರೆಯಬಹುದು, ಆದರೆ ಬೇಗ ಮಲಗಿದೆ ಅನ್ನುವುದೇ ನಿಜ.

ಆಮೇಲೆ ಇತಿಹಾಸ ಮತ್ತೆ ಚಾಲೂ ಮಾಡಿದೆ. ಮೂರು ತಿಂಗಳಿಗೆ ತಾನೇ ಅಳಿಯುವ ಹಾಗೆ ಇಟ್ಟೆ. ಗೂಗಲ್ ಖಾತೆಯಲ್ಲಿ 3, 18, 36 ತಿಂಗಳು ಅಂತ ಮೂರು ಆಯ್ಕೆ ಇವೆ. ಈ ಬಟನ್‌ಗಳ ಬಗ್ಗೆ ಫೈರ್‌ಫಾಕ್ಸ್ ಬ್ರೌಸರಿನ ಮೊಜಿಲ್ಲಾದವರು 2022ರಲ್ಲಿ 20 ಸಾವಿರಕ್ಕೂ ಹೆಚ್ಚು ಜನರ ನೆರವಿನಿಂದ ಒಂದು ಅಧ್ಯಯನ ಮಾಡಿದ್ದಾರೆ. ‘ಆಸಕ್ತಿ ಇಲ್ಲ’ ಒತ್ತಿದರೆ ಅಂಥ ಬೇಡದ ಶಿಫಾರಸುಗಳಲ್ಲಿ ತಪ್ಪಿದ್ದು ಶೇ 11 ಮಾತ್ರ. ‘ಡಿಸ್‌ಲೈಕ್’ಗೆ ಶೇ 12. ಇತಿಹಾಸದಿಂದ ಆ ವಿಡಿಯೊ ತೆಗೆದರೆ ಶೇ 29. ‘ಈ ಚಾನೆಲ್ ಶಿಫಾರಸು ಮಾಡಬೇಡಿ’ಗೆ ಶೇ 43. ಹಾಗಾಗಿ ಯಾರಾದರೂ ಕೇಳಿದರೆ ಕೊನೆಯದನ್ನೇ ಒತ್ತಿ ಅನ್ನುತ್ತೇನೆ. ಸಿಟ್ಟಿನಿಂದ ಡಿಸ್‌ಲೈಕ್ ಒತ್ತುವುದು ಸುಮ್ನೆ ಬೆರಳಿಗೆ ವ್ಯಾಯಾಮ.

ಆ ಬಟನ್ ನಾನು ಒತ್ತಿದ್ದು ನನ್ನ ವಿರೋಧಿಗಳ ಚಾನೆಲ್ಲಿಗೆ ಮಾತ್ರ ಅಲ್ಲ. ನನ್ನ ಕಡೆಯವರದೂ ಸುಮಾರು ಹೋದವು. ನಾನು ಒಪ್ಪುವ ಮಾತನ್ನೇ ಹೇಳುತ್ತಾರೆ, ಸರಿ. ಆದರೆ ಅದೇ ತೆರೆದ ಬಾಯಿ, ಅದೇ ಕೆಂಪು ಬಾಣ, ‘ಬೆವರಿಳಿಸಿದ’, ‘ಮುಖಭಂಗ’, ‘ಕೊನೆಯ ಆಟ ಶುರು’. 2024ರ ಜೂನ್ 4ಕ್ಕೆ ಬಿಜೆಪಿಗೆ 240 ಸೀಟು ಬಂದ ದಿನದಿಂದ ಸರ್ಕಾರ ನಾಳೆ ಬೀಳುತ್ತದೆ ಅಂತ ಇವರಲ್ಲಿ ಕೆಲವರು ಹೇಳುತ್ತಲೇ ಇದ್ದಾರೆ. ಎನ್‌ಡಿಎ 293 ಇಟ್ಟುಕೊಂಡು ಆರಾಮಾಗಿ ಕೂತಿದೆ. ನನ್ನ ಕಡೆಯ ಜನರಿಗೆ ಇದನ್ನು ಹೇಳಿದರೆ ‘ಈಗ ಸೂಕ್ಷ್ಮ ನೋಡುವ ಕಾಲ ಅಲ್ಲ’ ಅನ್ನುತ್ತಾರೆ. ಆ ಕಡೆಯವರೂ ಅದನ್ನೇ ಅನ್ನುತ್ತಾರೆ.

ಹಾಸ್ಯದ ವಿಷಯದಲ್ಲೂ ಹೀಗೇ. 2025ರ ಮಾರ್ಚ್‌ನಲ್ಲಿ ಕಾಮ್ರಾ ಅವರ ಕಾರ್ಯಕ್ರಮ ಚಿತ್ರೀಕರಣ ಆಗಿದ್ದ ಮುಂಬೈ ಸಭಾಂಗಣವನ್ನು ಪುಡಿ ಮಾಡಿದಾಗ ನಮ್ಮ ಗ್ರೂಪಿನಲ್ಲಿ ಎಲ್ಲರೂ ಬರೆದರು. ಅದಕ್ಕೂ ಒಂದು ತಿಂಗಳು ಮೊದಲು ಬೇರೊಂದು ಯೂಟ್ಯೂಬ್ ಕಾರ್ಯಕ್ರಮದ ಹೊಲಸು ಜೋಕಿಗೆ ಊರೂರಲ್ಲಿ ಎಫ್‌ಐಆರ್ ಬಿದ್ದಾಗ ಯಾರೂ ಉಸಿರೆತ್ತಲಿಲ್ಲ. ಜೋಕು ಹೊಲಸೇ, ನನಗೂ ಹೇಸಿಗೆ ಆಯಿತು. ಆದರೆ ಹೇಸಿಗೆಗೆ ಪೊಲೀಸರು ಯಾಕೆ?

ಅಣ್ಣನ ಮಗನ ಫೋನು ಬೇರೆಯೇ ಲೋಕ. 2024ರ ಫೆಬ್ರುವರಿಯಲ್ಲಿ ಮೆಟಾದವರು ಇನ್‌ಸ್ಟಾಗ್ರಾಮಿನಲ್ಲಿ ನಾವು ಫಾಲೋ ಮಾಡದವರ ರಾಜಕೀಯ ಪೋಸ್ಟನ್ನು ತಾವಾಗಿ ಮುಂದೆ ತರುವುದಿಲ್ಲ ಅಂದರು. ನಮ್ಮ ಲೋಕಸಭೆ ಚುನಾವಣೆ ಎದುರಿಗಿತ್ತು. 2025ರ ಜನವರಿಯಲ್ಲಿ, ಅಮೆರಿಕದಲ್ಲಿ ಟ್ರಂಪ್ ಮತ್ತೆ ಅಧಿಕಾರಕ್ಕೆ ಬರುವ ಹೊತ್ತಿಗೆ, ಅದನ್ನು ತಿರುಗಿಸಿದರು. ಕ್ಯಾಲಿಫೋರ್ನಿಯಾದಲ್ಲಿ ಯಾರೋ ನಲ್ಲಿ ತಿರುಗಿಸಿದರೆ ಶಿರಸಿಯ ಪಿಯುಸಿ ಹುಡುಗನ ಫೋನಿನಲ್ಲಿ ನೀರು ಬರುತ್ತದೆ, ನಿಲ್ಲುತ್ತದೆ. ಅವನಿಗೆ ಕೇಳಿದರೆ ವ್ಯತ್ಯಾಸವೇ ಗೊತ್ತಾಗಿಲ್ಲವಂತೆ.

ಅಪ್ಪಯ್ಯನ ಹೊಸ ಖಾತೆಯನ್ನು ದೂರದಿಂದ ನೋಡುತ್ತಿದ್ದೆ. ಕೈ ಹಾಕಲಿಲ್ಲ. ಮೊದಲು ಕೃಷ್ಣಸಂಧಾನ, ಆಮೇಲೆ ವಾಲಿವಧೆ. ಮರದ ಮರೆಯಿಂದ ಹೊಡೆದದ್ದು ಯಾವ ಧರ್ಮ ಅಂತ ವಾಲಿಯ ಮಾತಾಡುವ ಅರ್ಥಧಾರಿ ಮುಕ್ಕಾಲು ತಾಸು ಕೇಳುತ್ತಾರೆ. ರಾಮನ ಭಕ್ತರೇ ತುಂಬಿದ ಸಭೆ, ಯಾರೂ ಎದ್ದು ಹೋಗುವುದಿಲ್ಲ. ಅಪ್ಪಯ್ಯ ತೊಡೆ ತಟ್ಟುತ್ತ ‘ಉತ್ರ ಕೊಡು ನೋಡನ’ ಅಂತ ರಾಮನಿಗೆ ಹೇಳುತ್ತಾರೆ. ಕೆಲವು ದಿನಕ್ಕೆ ಅದರ ಪಕ್ಕದಲ್ಲಿ ಹಾಸ್ಯದ ತುಣುಕು ಬಂತು. ಆಮೇಲೆ ತಾಳಮದ್ದಲೆಯದೇ ಒಂದು ನಿಮಿಷದ ತುಂಡುಗಳು, ‘ರಾಮನ ಬಾಯಿ ಮುಚ್ಚಿಸಿದ ವಾಲಿ’ ಅನ್ನುವ ತಲೆಬರಹ. ಅದರ ಹಿಂದೆ ಪ್ರವಚನ, ಗುಪ್ತ ಇತಿಹಾಸ, ಅದರ ಹಿಂದೆ ಮತ್ತೆ ಆ ಕೆಂಪು ಅಕ್ಷರದವರು. ಯಾರೂ ಕರೆಯದೆ ಬಂದು ಜಗಲಿಯಲ್ಲಿ ಕೂತರು.

ಒಂದು ದಿನ ತಡೆಯದೆ ಕೇಳಿದೆ, ತಾಳಮದ್ದಲೆ ಕೇಳಿದ ಕಿವಿಗೆ ಈ ಕೂಗಾಟ ಹೇಗೆ ಹಿಡಿಸುತ್ತದೆ ಅಂತ. ‘ಅದು ಕೇಳದಕ್ಕೆ. ಇದು ಸುಮ್ನೆ, ಕುಸ್ತಿ ನೋಡ್ದಂಗೆ’ ಅಂದರು. ನಂಬುತ್ತೀರಾ ಅಂದೆ. ‘ಎಲ್ಲ ನಂಬಕಾಗ್ತಾ?’ ಅಂತ ನನ್ನನ್ನೇ ದಡ್ಡನ ಹಾಗೆ ನೋಡಿದರು. ಹಾಗಾದರೆ ಮೇ 8ಕ್ಕೆ ಎರಡು ಗಂಟೆಯ ತನಕ ಯಾಕೆ ಕೂತಿದ್ದು ಅಂತ ನಾನು ಕೇಳಲಿಲ್ಲ. ಆ ಮೇಲಿನ ವಾರ ಅವರೇ ಕರೆದು ಹೇಳಿದರು: ‘ಯಂಗೆ ನಿದ್ದೆ ಬಂದ್ಮೇಲೆ ಅದು ಎಲ್ಲೆಲ್ಲೋ ಹೋಗ್ತು. ನಿಲ್ಸು.’ ಆಟೋಪ್ಲೇ ಆಫ್ ಮಾಡಿಕೊಟ್ಟೆ. ಈಗ ವಾಲಿ ಸತ್ತರೆ ಟಿವಿಯೂ ಸುಮ್ಮನಾಗುತ್ತದೆ. ಮನೆಯಲ್ಲಿ ಇಷ್ಟು ಸುಧಾರಣೆ ಆಗಿದೆ, ಅದೂ ಅವರೇ ಬೇಕು ಅಂದದ್ದರಿಂದ.

ಕಸ ಕಡಿಮೆ ಆದ ಮೇಲೆ ನನ್ನ ಪುಟದಲ್ಲಿ ಏನಿಲ್ಲ ಅನ್ನುವುದು ಕಾಣತೊಡಗಿತು. ಉತ್ತರ ಕನ್ನಡ ಇರಲಿಲ್ಲ. ಟೆಲ್ ಅವೀವ್ ಇತ್ತು, ವಾಷಿಂಗ್ಟನ್ ಇತ್ತು, ಬಿಹಾರ ದಂಡಿಯಾಗಿ ಇತ್ತು. ಆನ್‌ಲೈನಿನಿಂದ ನಮ್ಮ ಜಿಲ್ಲೆಗೆ ಉಪಯೋಗವೇ ಆಗಿಲ್ಲ ಅಂತ ಅಲ್ಲ. ದೊಡ್ಡ ಆಸ್ಪತ್ರೆ ಬೇಕು ಅಂತ 2019ರಲ್ಲಿ ಟ್ವಿಟರ್‌ನಲ್ಲಿ ಜಿಲ್ಲೆಯ ಹುಡುಗರು ಎಬ್ಬಿಸಿದ ಕೂಗು ಬೆಂಗಳೂರಿಗೆ ಕೇಳಿತ್ತು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಕಡೆಯ ಶಿರೂರು ಟೋಲ್‌ಗೇಟಿಗೆ ಬಡಿದು ನಾಲ್ಕು ಜನ ಸತ್ತಾಗ ‘ಆಸ್ಪತ್ರೆ ಇಲ್ಲದಿದ್ದರೆ ಮತ ಇಲ್ಲ’ ಅಂತ ಮತ್ತೆ ಎದ್ದಿತು. ಅದು ನಗಿಸುವ ವಿಷಯ ಅಲ್ಲ, ಹೊಡೆದಾಡಿಸುವ ವಿಷಯವೂ ಅಲ್ಲ. ಎಲ್ಲ ಪಕ್ಷದವರಿಗೂ ಆಸ್ಪತ್ರೆ ಬೇಕು. ಜಗಳ ಇಲ್ಲದ ಕಡೆ ನೋಡುಗರು ನಿಲ್ಲುವುದಿಲ್ಲ.

ಜಿಲ್ಲಾ ಪಂಚಾಯಿತಿ, ತಾಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲೇ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಚುನಾವಣೆ ಮುಂದೆ ಮುಂದೆ ಹೋಯಿತು. ಬಿಜೆಪಿ ಸರ್ಕಾರವೂ ದೂಡಿತು, ಕಾಂಗ್ರೆಸ್ ಸರ್ಕಾರವೂ ದೂಡಿತು. ನಮ್ಮ ಶಾಲೆಯ ಛಾವಣಿ, ಕುಡಿಯುವ ನೀರು, ಪ್ರಾಥಮಿಕ ಆರೋಗ್ಯ ಕೇಂದ್ರ ನೋಡಬೇಕಾದ ಸಭೆಯಲ್ಲಿ ನಾವು ಆರಿಸಿದವರು ಒಬ್ಬರೂ ಇಲ್ಲ, ಅಧಿಕಾರಿಗಳೇ ನಡೆಸುತ್ತಿದ್ದಾರೆ. ಪ್ರಜಾಪ್ರಭುತ್ವ ಅಪಾಯದಲ್ಲಿದೆ ಅಂತ ಟಿವಿಯಲ್ಲಿ ದಿನಾ ಕೇಳುವವನು ನಾನು. ಇದನ್ನು ಹೇಳುವ ಒಂದು ವಿಡಿಯೊ ನನ್ನ ಮೊದಲ ಪುಟಕ್ಕೆ ತಾನಾಗಿ ಬಂದದ್ದಿಲ್ಲ.

ಊಟದ ಹೊತ್ತಿಗೆ ಇದನ್ನು ಹೇಳಿದೆ. ಅಪ್ಪಯ್ಯ ತಲೆಯೆತ್ತಿ, ‘ಹೌದಲಾ, ನಮ್ಮ ಜಿಲ್ಲಾ ಪಂಚಾಯತಿಗೆ ಈಗ ಯಾರು?’ ಅಂದರು. ಯಾರೂ ಇಲ್ಲ ಅಂದೆ. ಈ ಮನೆಯಲ್ಲಿ ನಾವಿಬ್ಬರೂ ಸೇರಿ ಒಂದೇ ಸರ್ಕಾರಕ್ಕೆ, ಅಲ್ಲ, ಎರಡು ಸರ್ಕಾರಕ್ಕೆ ಒಟ್ಟಿಗೆ ಬೈದದ್ದು ಅದೇ ಮೊದಲು. ಅಣ್ಣನ ಮಗ ತಂಬುಳಿ ಸುರಿಯುತ್ತ ಕೇಳುತ್ತಿದ್ದ. ಮುಂದಿನ ವರ್ಷ ಅವನಿಗೂ ಮತ ಬರುತ್ತದೆ. ಇದರ ಮೇಲೆ ಒಂದು ರೀಲ್ ಮಾಡುತ್ತೇನೆ ಅಂದ.

‘ಮೂವತ್ತು ಸೆಕೆಂಡಿನಲ್ಲಿ ಮೀಸಲಾತಿ ಪಟ್ಟಿ ಹೇಗೆ ಹೇಳುತ್ತೀಯೋ?’ ಅಂದೆ.

‘ಅದೆಲ್ಲ ಆಗ್ತು. ಮ್ಯೂಸಿಕ್ ಎಂತ ಹಾಕದು ಹೇಳಿ.’

‘ಚಂಡೆ ಹಾಕು’ ಅಂದರು ಅಪ್ಪಯ್ಯ.